ಹಲಗೆ, ಕಡತ, ಪರದೆ

(ಶಾಲೆಯ ಶತಮಾನೋತ್ಸವದ ಶೈಕ್ಷಣಿಕ ಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಬೆಳುಗುಪ್ಪದಂತಹ ಊರಿನಲ್ಲಿ ಒಂದು ಕನ್ನಡ ಶಾಲೆ ನೂರು ವರ್ಷ ಬಾಳಿದೆ ಎಂಬುದು ಸಾಮಾನ್ಯ ಸಂಗತಿಯಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿಯೂ, ರಾಜ್ಯದ ಗಡಿಗಳು ಬದಲಾದ ವರ್ಷಗಳಲ್ಲಿಯೂ ಇಲ್ಲಿ ಬೆಳಗಿನ ಗಂಟೆ ಬಾರಿಸಿದೆ. ಅದಕ್ಕೆ ಕಾರಣರಾದ ಎಲ್ಲರಿಗೂ ಮೊದಲು ವಂದನೆಗಳನ್ನು ಸಲ್ಲಿಸುತ್ತೇನೆ. ಉತ್ಸವ ಸಮಿತಿಯವರು ನನಗೆ ಒಪ್ಪಿಸಿರುವ ವಿಷಯ, ತಂತ್ರಜ್ಞಾನ ಮತ್ತು ಹೊಸ ಬೋಧನಾ ಕ್ರಮಗಳಿಂದ ತರಗತಿಯ ಕಲಿಕೆ ಹೇಗೆ ಬದಲಾಗುತ್ತಿದೆ ಎಂಬುದು. ಈ ವಿಷಯದ ಮೇಲೆ ಸಾಮಾನ್ಯವಾಗಿ ಎರಡು ಬಗೆಯ ಭಾಷಣಗಳು ಕೇಳಿಬರುತ್ತವೆ. ಯಂತ್ರ ಬಂದರೆ ಎಲ್ಲವೂ ಸರಿಹೋಗುತ್ತದೆ ಎನ್ನುವುದು ಒಂದು. ಯಂತ್ರ ಬಂದು ಎಲ್ಲವೂ ಕೆಟ್ಟಿತು ಎನ್ನುವುದು ಇನ್ನೊಂದು. ಎರಡರಲ್ಲಿಯೂ ಮಗುವಿನ ಪ್ರಸ್ತಾಪ ಕಡಿಮೆ. ನಾನು ಬೇರೊಂದು ದಾರಿಯಲ್ಲಿ ಹೋಗಬಯಸುತ್ತೇನೆ. ಈ ನೆಲದ ತರಗತಿಗೆ ಇದುವರೆಗೆ ಯಾವ ಯಾವ ಉಪಕರಣಗಳು ಬಂದವು, ಅವುಗಳಿಂದ ಮಗುವಿಗೆ ಏನು ದೊರೆಯಿತು, ಏನು ದೊರೆಯಲಿಲ್ಲ ಎಂಬುದನ್ನು ನೋಡಿಕೊಂಡು, ಈಗ ಕೈಗೆ ಬಂದಿರುವ ಪರದೆಯ ವಿಚಾರಕ್ಕೆ ಬರುತ್ತೇನೆ.

ಇನ್ನೂರು ವರ್ಷ ಹಿಂದಕ್ಕೆ ಹೋಗೋಣ. 1822ರಲ್ಲಿ ಮದರಾಸಿನ ಗವರ್ನರಾಗಿದ್ದ ಥಾಮಸ್ ಮನ್ರೋ ಅವರು ತಮ್ಮ ಪ್ರಾಂತದ ಎಲ್ಲ ಜಿಲ್ಲೆಗಳಲ್ಲಿ ಎಷ್ಟು ಶಾಲೆಗಳಿವೆ, ಯಾವ ಭಾಷೆಯಲ್ಲಿ ಪಾಠ ನಡೆಯುತ್ತದೆ ಎಂದು ವರದಿ ಕೇಳಿದರು. ಮನ್ರೋ ನಮಗೆ ಅಪರಿಚಿತರಲ್ಲ. ದತ್ತಮಂಡಲಗಳ ಕಲೆಕ್ಟರಾಗಿ ಅನಂತಪುರದಲ್ಲಿ ಕುಳಿತು ಆಡಳಿತ ನಡೆಸಿದವರು ಅವರು. ಆಗ ಅನಂತಪುರ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ. ಬಳ್ಳಾರಿ ಜಿಲ್ಲೆಯ ಭಾಗವಾಗಿತ್ತು. ಬಳ್ಳಾರಿಯ ಕಲೆಕ್ಟರಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ ಅವರು 1823ರ ಆಗಸ್ಟ್ 17ರಂದು ತಮ್ಮ ವರದಿಯನ್ನು ಕಳುಹಿಸಿದರು. ತೆಲುಗು ವ್ಯಾಕರಣವನ್ನು ರಚಿಸಿದ್ದ ಈ ಅಧಿಕಾರಿ ಲೆಕ್ಕವನ್ನಷ್ಟೇ ಕೊಟ್ಟು ಸುಮ್ಮನಾಗಲಿಲ್ಲ. ತರಗತಿಯೊಳಗೆ ಏನು ನಡೆಯುತ್ತದೆ ಎಂಬುದನ್ನೂ ಬರೆದರು.

ಆ ವರದಿಯ ಪ್ರಕಾರ ಜಿಲ್ಲೆಯಲ್ಲಿ ಇದ್ದ ಶಾಲೆಗಳು 533. ಓದುತ್ತಿದ್ದ ಮಕ್ಕಳು 6641. ಅವುಗಳಲ್ಲಿ ಕನ್ನಡ ಕಲಿಸುವ ಶಾಲೆಗಳು 235, ತೆಲುಗು ಕಲಿಸುವವು 226, ಮರಾಠಿಯವು 23, ಪಾರಸಿಯವು 21, ತಮಿಳಿನವು 4, ಇಂಗ್ಲಿಷಿನದು ಒಂದೇ ಒಂದು. ಉಳಿದ 23 ಸಂಸ್ಕೃತ ಪಾಠಶಾಲೆಗಳು. ಕನ್ನಡವೂ ತೆಲುಗೂ ಹೆಚ್ಚುಕಡಿಮೆ ಸರಿಸಮವಾಗಿ, ಒಂದಕ್ಕೊಂದು ಒರಗಿಕೊಂಡು ಬಾಳಿದ ನಾಡು ಇದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಆ ಶಾಲೆಗಳ ಉಪಕರಣಗಳು ಯಾವುವು? ಮಗು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿತ್ತು. ಕೈ ಕುದುರಿದ ಮೇಲೆ ಹಲಗೆ ಅಥವಾ ಕಡತ ಕೈಗೆ ಬರುತ್ತಿತ್ತು. ಹಲಗೆಯೆಂದರೆ ಸುಮಾರು ಮೂರಡಿ ಉದ್ದ, ಒಂದಡಿ ಅಗಲದ ಮರದ ಪಟ್ಟಿ. ಅದಕ್ಕೆ ಅನ್ನವನ್ನೂ ಇದ್ದಲ ಪುಡಿಯನ್ನೂ ಕಲಸಿ ಬಳಿಯುತ್ತಿದ್ದರು. ಕಡತವೆಂದರೆ ಗಂಜಿ ಹಾಕಿ ಗಟ್ಟಿಮಾಡಿ, ಪುಸ್ತಕದಂತೆ ಮಡಿಸಿ, ಇದ್ದಲು ಮತ್ತು ಅಂಟು ಸವರಿದ ಬಟ್ಟೆ. ಬರೆಯುವುದಕ್ಕೆ ಬಳಪ, ಅಳಿಸುವುದಕ್ಕೆ ಒದ್ದೆ ಬಟ್ಟೆ. ಅಕ್ಷರವನ್ನು ಬಾಯಿಂದ ಹೇಳುವುದಕ್ಕೆ ಮುಂಚೆ ಬೆರಳಿನಿಂದ ಬರೆಯಿಸುವ ಈ ಕ್ರಮ ಯುರೋಪಿನ ಕ್ರಮಕ್ಕಿಂತ ಬೇರೆಯದು ಎಂಬುದನ್ನು ಕ್ಯಾಂಪ್‌ಬೆಲ್ ಗುರುತಿಸಿದ್ದರು. ಅಂದಿನ ತಂತ್ರಜ್ಞಾನ ಇದು. ಊರಿನ ಬಡಗಿಯೂ ಮನೆಯ ತಾಯಿಯೂ ಮಾಡಿಕೊಡಬಹುದಾಗಿದ್ದುದು. ಮಗು ತಪ್ಪು ಬರೆದರೆ ನಷ್ಟವಿಲ್ಲ, ಒರೆಸಿ ಮತ್ತೆ ಬರೆಯಬಹುದು. ಈ ಒಂದು ಗುಣವನ್ನು ನೆನಪಿನಲ್ಲಿಡಿ. ಮುಂದೆ ಪರದೆಯನ್ನು ಅಳೆಯುವಾಗ ಬೇಕಾಗುತ್ತದೆ.

ಇನ್ನೊಂದು ಸಂಗತಿಯನ್ನು ಅವರು ಮೆಚ್ಚಿದ್ದಾರೆ. ದೊಡ್ಡ ಮಕ್ಕಳು ಚಿಕ್ಕ ಮಕ್ಕಳಿಗೆ ಪಾಠ ಹೇಳಿಕೊಡುತ್ತಿದ್ದರು. ಹೇಳಿಸಿಕೊಂಡವನಿಗೂ ಲಾಭ, ಹೇಳಿಕೊಟ್ಟವನ ವಿದ್ಯೆಯೂ ಗಟ್ಟಿ. ಇದೇ ಕ್ರಮವನ್ನು ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮದರಾಸಿನ ಅನಾಥ ಬಾಲಕರ ಶಾಲೆಯಲ್ಲಿ ನಡೆಸಿ, ಇಂಗ್ಲೆಂಡಿಗೆ ಕೊಂಡೊಯ್ದರು. ಅಲ್ಲಿ ಅದು ಮದರಾಸು ಪದ್ಧತಿ ಎಂಬ ಹೆಸರಿನಿಂದಲೇ ಹರಡಿತು. ಬೋಧನಾ ಕ್ರಮವೆಂದರೆ ಯಾವಾಗಲೂ ಹೊರಗಿನಿಂದ ಬರುವಂಥದು ಎಂದು ನಾವು ತಿಳಿದಿದ್ದರೆ ಅದು ಸರಿಯಲ್ಲ. ಇಲ್ಲಿಂದಲೂ ಹೋಗಿದೆ.

ಆದರೆ ಅದೇ ವರದಿಯಲ್ಲಿ ಒಂದು ಕಟುವಾದ ಮಾತೂ ಇದೆ. ಮಕ್ಕಳು ನೂರಾರು ಪದ್ಯಗಳನ್ನು ಕಂಠಪಾಠ ಮಾಡುತ್ತಾರೆ. ಅರ್ಥ ಮಾತ್ರ ಗಿಳಿಗೆ ತಿಳಿದಷ್ಟೇ ಅವರಿಗೂ ತಿಳಿದಿರುತ್ತದೆ ಎಂಬುದು ಅದರ ಸಾರ. ಕಾವ್ಯದ ಭಾಷೆ ಬೇರೆ, ಮಗುವಿನ ಆಡುಮಾತು ಬೇರೆ. ಎರಡನ್ನೂ ಕೂಡಿಸುವ ಕೆಲಸ ತರಗತಿಯಲ್ಲಿ ನಡೆಯುತ್ತಿರಲಿಲ್ಲ. ಬಡತನದಿಂದ ಮಕ್ಕಳು ನಡುವೆಯೇ ಶಾಲೆ ಬಿಡುತ್ತಿದ್ದುದನ್ನೂ ಅವರು ದಾಖಲಿಸಿದರು. ಹೀಗೆ ಇನ್ನೂರು ವರ್ಷಗಳ ಹಿಂದೆಯೇ ಈ ನೆಲದ ತರಗತಿಯ ಬಗ್ಗೆ ಮೂರು ಪ್ರಶ್ನೆಗಳು ಎದ್ದಿದ್ದವು. ಉಪಕರಣ ಮಗುವಿನ ಕೈಗೆ ಎಟುಕುತ್ತದೆಯೆ? ಮಕ್ಕಳು ಪರಸ್ಪರ ಕಲಿಯುತ್ತಾರೆಯೆ? ಓದಿದ್ದು ಮಗುವಿನ ಮಾತಿನಲ್ಲಿ ಅರ್ಥವಾಗುತ್ತದೆಯೆ? ಇಂದಿಗೂ ಕೇಳಬೇಕಾದ ಪ್ರಶ್ನೆಗಳು ಇವೇ ಎಂಬುದು ನನ್ನ ಅಭಿಪ್ರಾಯ.

1882ರಲ್ಲಿ ಅನಂತಪುರ ಬೇರೆ ಜಿಲ್ಲೆಯಾಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯವಾದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು; ಉಳಿದವು ಮೈಸೂರಿಗೆ ಹೋದವು. ರಾಯದುರ್ಗ, ಕಲ್ಯಾಣದುರ್ಗ, ಮಡಕಶಿರಾ, ಹಿಂದೂಪುರದ ಕಡೆಯ ಕನ್ನಡ ಮನೆಗಳು ಇದ್ದಲ್ಲಿಯೇ ಇದ್ದು ಭಾಷಾ ಅಲ್ಪಸಂಖ್ಯಾತರಾದವು. 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನದಲ್ಲಿ 350ಎ ಎಂಬ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಪಾಠ ಹೇಳುವ ಸೌಲಭ್ಯವನ್ನು ಪ್ರತಿಯೊಂದು ರಾಜ್ಯವೂ ಒದಗಿಸಲು ಯತ್ನಿಸಬೇಕು ಎಂದು ಅದು ಹೇಳುತ್ತದೆ. ನಮ್ಮ ಶಾಲೆಯಂತಹ ಶಾಲೆಗಳು ಯಾರ ದಯೆಯಿಂದಲೂ ನಡೆಯುತ್ತಿಲ್ಲ. ಅವುಗಳ ಹಿಂದೆ ಸಂವಿಧಾನದ ಮಾತಿದೆ.

ಇನ್ನು ವಿದ್ಯುತ್ತಿನ ಉಪಕರಣಗಳ ಕಾಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಒಂದು ವರ್ಷ, ಅಮೆರಿಕದಿಂದ ಎರವಲು ಪಡೆದ ಉಪಗ್ರಹದ ಮೂಲಕ ನಮ್ಮ ದೇಶದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನ ಪಾಠಗಳನ್ನು ತಲುಪಿಸಲಾಯಿತು. ಸೈಟ್ ಎಂಬ ಹೆಸರಿನ ಆ ಪ್ರಯೋಗದಲ್ಲಿ ಆಂಧ್ರವೂ ಇತ್ತು, ಕರ್ನಾಟಕವೂ ಇತ್ತು. ಕರ್ನಾಟಕದಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು ಆರಿಸಿದ್ದರು. ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ಊರವರಿಗೆ ಕಾರ್ಯಕ್ರಮ. ಆ ಉಪಗ್ರಹದಲ್ಲಿ ಒಂದು ಚಿತ್ರದ ಜೊತೆಗೆ ಎರಡು ಧ್ವನಿಗಳನ್ನು ಕಳುಹಿಸುವ ಅನುಕೂಲವಿತ್ತು. ಒಂದೇ ಚಿತ್ರಕ್ಕೆ ತೆಲುಗಿನ ಧ್ವನಿ ಒಂದು, ಕನ್ನಡದ ಧ್ವನಿ ಒಂದು. ಐವತ್ತು ವರ್ಷಗಳ ಹಿಂದಿನ ಯಂತ್ರ ಎರಡು ಭಾಷೆಗಳಿಗೂ ಜಾಗ ಕೊಡಬಲ್ಲುದಾಗಿತ್ತು. ಇಂದಿನ ಯಂತ್ರಕ್ಕೆ ಅದು ಇನ್ನೂ ಸುಲಭ. ಕನ್ನಡದ ಧ್ವನಿ ಕೇಳಿಸದಿದ್ದರೆ ಯಂತ್ರವನ್ನು ದೂರುವಂತಿಲ್ಲ. ಆ ಧ್ವನಿಯನ್ನು ಯಾರೂ ಸೇರಿಸಿಲ್ಲ ಎಂದು ಅರ್ಥ.

ಆ ಪ್ರಯೋಗದ ಇನ್ನೊಂದು ಪಾಠವೂ ಇದೆ. ಅವಧಿ ಮುಗಿದ ಮೇಲೆ ಉಪಗ್ರಹವನ್ನು ಹಿಂದಕ್ಕೆ ಸರಿಸಿಕೊಂಡರು. ಎರವಲು ತಂದದ್ದು ಒಡೆಯನ ಮನೆಗೆ ಹೋಗಲೇಬೇಕು. ಉಳಿದದ್ದು ಕಾರ್ಯಕ್ರಮ ಮಾಡುವುದನ್ನು ಕಲಿತ ಜನ. ಅವರಿಂದಲೇ ಮುಂದಿನ ಕೆಲಸ ಬೆಳೆಯಿತು. ಯಾವುದೇ ಉಪಕರಣ ಶಾಲೆಗೆ ಬಂದಾಗ, ಇದು ನಾಳೆ ಕೆಟ್ಟುಹೋದರೆ ನಮ್ಮಲ್ಲಿ ಉಳಿಯುವುದೇನು ಎಂದು ಕೇಳಿಕೊಳ್ಳುವುದು ಮೇಲು.

ಹೊಸ ಬೋಧನಾ ಕ್ರಮವೆಂದರೆ ವಿದ್ಯುತ್ತು ಬೇಕೇಬೇಕು ಎಂದೇನೂ ಇಲ್ಲ. ಇದಕ್ಕೆ ನಮ್ಮ ರಾಯಲಸೀಮೆಯಲ್ಲಿಯೇ ಒಳ್ಳೆಯ ನಿದರ್ಶನವಿದೆ. ಮದನಪಲ್ಲಿಯ ಹತ್ತಿರದ ರಿಷಿ ವ್ಯಾಲಿಯಲ್ಲಿ, ಸುತ್ತಲಿನ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳಿಗಾಗಿ ಕಲಿಕೆಯ ಕಾರ್ಡುಗಳನ್ನು ರೂಪಿಸಿದರು. ಪಾಠವನ್ನು ಚಿಕ್ಕ ಚಿಕ್ಕ ಮೆಟ್ಟಿಲುಗಳಾಗಿ ಒಡೆದು, ಪ್ರತಿ ಮಗುವೂ ತನ್ನ ವೇಗದಲ್ಲಿ ಏಣಿ ಏರುವಂತೆ ಮಾಡಿದ ಕ್ರಮ ಅದು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು ಯುನಿಸೆಫ್ ನೆರವಿನಿಂದ ಅಲ್ಲಿಗೆ ಬಂದು, ನೋಡಿ, ತಮ್ಮೂರಿಗೆ ಮರಳಿ ಕನ್ನಡದಲ್ಲಿ ತಾವೇ ಕಾರ್ಡುಗಳನ್ನು ಬರೆದರು. ಅದೇ ನಲಿ-ಕಲಿ. 2009-10ರಿಂದ ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ಅದು ಹಬ್ಬಿತು. ತೆಲುಗು ನಾಡಿನ ಹಳ್ಳಿಯಲ್ಲಿ ಹುಟ್ಟಿದ್ದು ಕನ್ನಡ ನಾಡಿನ ಕಾಡಂಚಿನಲ್ಲಿ ಬೇರುಬಿಟ್ಟಿತು. ಹೊಸದನ್ನು ತಂದುಕೊಳ್ಳುವುದು ಹೇಗೆ ಎಂಬುದಕ್ಕೆ ಇದು ಮಾದರಿ. ಅವರು ಕಾರ್ಡುಗಳನ್ನು ಕೊಂಡು ತರಲಿಲ್ಲ. ಕ್ರಮವನ್ನು ಅರಿತುಕೊಂಡು ತಮ್ಮ ಭಾಷೆಯಲ್ಲಿ ಹೊಸದಾಗಿ ಕಟ್ಟಿದರು.

ನಲಿ-ಕಲಿಯಲ್ಲಿ ಅಕ್ಷರಗಳು ಅ, ಆ, ಇ ಎಂಬ ಅನುಕ್ರಮದಲ್ಲಿ ಬರುವುದಿಲ್ಲ. ಮೊದಲ ಗುಂಪು ರ, ಗ, ಸ, ದ, ಅ. ಈ ಐದರಿಂದಲೇ ಸರ, ರಸ, ದರ, ಅರಸ, ಅಗಸ, ಗರಗಸ ಎಂಬ ಪದಗಳು ಹುಟ್ಟುತ್ತವೆ. ಮಗು ಮೊದಲ ವಾರಗಳಲ್ಲಿಯೇ ಪದ ಕಟ್ಟುತ್ತದೆ, ಅರ್ಥ ಹಿಡಿಯುತ್ತದೆ. ತರಗತಿಯಲ್ಲಿ ಮಕ್ಕಳು ಗುಂಪುಗಳಾಗಿ ಕುಳಿತುಕೊಳ್ಳುತ್ತಾರೆ: ಶಿಕ್ಷಕರ ಪೂರ್ಣ ಸಹಾಯ ಬೇಕಾದವರು, ಸ್ವಲ್ಪ ಸಹಾಯ ಸಾಕಾದವರು, ಗೆಳೆಯರಿಂದ ಕಲಿಯುವವರು, ತಾವೇ ಕಲಿಯುವವರು. 1823ರ ವರದಿ ಮೆಚ್ಚಿದ ಮಕ್ಕಳ ಪರಸ್ಪರ ಬೋಧನೆ ಇಲ್ಲಿ ಮರಳಿ ಬಂದಿದೆ. ಅದು ಹಳಿದ ಗಿಳಿಪಾಠ ಇಲ್ಲಿ ಹಿಂದೆ ಸರಿದಿದೆ. ಈ ಕ್ರಮಕ್ಕೂ ಕಷ್ಟಗಳುಂಟು. ಒಂದೇ ಕೋಣೆಯಲ್ಲಿ ಹಲವು ಹಂತದ ಮಕ್ಕಳನ್ನು ನಡೆಸುವುದಕ್ಕೆ ಶಿಕ್ಷಕರಿಗೆ ತಾಳ್ಮೆಯೂ ತರಬೇತಿಯೂ ಬೇಕು. ಆದರೆ ಬದಲಾದದ್ದು ತರಗತಿಯ ಜೀವಾಳವೇ ಎಂಬುದರಲ್ಲಿ ಸಂದೇಹವಿಲ್ಲ.

ಇದರ ಎದುರಿಗೆ ಇನ್ನೊಂದು ನಿದರ್ಶನ ಇಡುತ್ತೇನೆ. ದಕ್ಷಿಣ ಅಮೆರಿಕದ ಪೆರು ದೇಶ ತನ್ನ ಶಾಲಾ ಮಕ್ಕಳಿಗೆ ಎಂಟು ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್‌ಗಳನ್ನು ಹಂಚಿತು. ಗ್ರಾಮೀಣ ಶಾಲೆಗಳಲ್ಲಿ ಅಧ್ಯಯನ ನಡೆಸಿದವರು 2012ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಗಣಿತದಲ್ಲಿಯೂ ಭಾಷೆಯಲ್ಲಿಯೂ ಮಕ್ಕಳ ಕಲಿಕೆ ಹೆಚ್ಚಿದ ಗುರುತು ಕಾಣಲಿಲ್ಲ. ಯಂತ್ರ ಮಗುವಿನ ಕೈಗೆ ಬಂತು, ಪಾಠ ಹೇಳುವ ರೀತಿ ಹಳೆಯದೇ ಉಳಿಯಿತು. ಹೆಗ್ಗಡದೇವನಕೋಟೆಯಲ್ಲಿ ಯಂತ್ರ ಬರಲಿಲ್ಲ, ಪಾಠ ಹೇಳುವ ರೀತಿ ಬದಲಾಯಿತು. ಯಾವುದನ್ನು ಮೊದಲು ಮಾಡಬೇಕು ಎಂಬುದಕ್ಕೆ ಈ ಎರಡನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಸಾಕು.

ಈಗ ನಮ್ಮ ಇಂದಿನ ತರಗತಿಗೆ ಬರೋಣ. 2017ರಲ್ಲಿ ಕೇಂದ್ರ ಸರ್ಕಾರದ ದೀಕ್ಷಾ ವೇದಿಕೆ ಆರಂಭವಾಯಿತು. ಪಠ್ಯಪುಸ್ತಕದ ಪುಟದಲ್ಲಿರುವ ಕ್ಯೂಆರ್ ಕೋಡನ್ನು ಫೋನಿಗೆ ತೋರಿಸಿದರೆ ಪಾಠದ ಚಿತ್ರ, ಧ್ವನಿ ತೆರೆದುಕೊಳ್ಳುತ್ತವೆ. 2019ರಲ್ಲಿ ಆರಂಭವಾದ ನಾಡು-ನೇಡು ಯೋಜನೆಯಿಂದ ಆಂಧ್ರದ ಸರ್ಕಾರಿ ಶಾಲೆಗಳ ಗೋಡೆ, ನೆಲ, ಶೌಚಾಲಯಗಳು ಸುಧಾರಿಸಿದವು. ಮುಂದೆ ಸ್ಮಾರ್ಟ್ ಟಿವಿಗಳೂ ಮುಟ್ಟಿದರೆ ಬರೆಯುವ ದೊಡ್ಡ ಪರದೆಗಳೂ ಬಂದವು. 2022ರ ಡಿಸೆಂಬರಿನಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಟ್ಯಾಬ್ ಹಂಚುವುದು ಆರಂಭವಾಯಿತು. ಇವೆಲ್ಲವೂ ಸ್ವಾಗತಾರ್ಹ. ಒಂದು ಪಟ್ಟಣದ ಮಗುವಿಗೆ ಕಾಣುವ ಹೃದಯದ ಬಡಿತ, ಜ್ವಾಲಾಮುಖಿಯ ಬಾಯಿ ಬೆಳುಗುಪ್ಪದ ಮಗುವಿಗೂ ಕಾಣಬೇಕು.

ಆದರೆ ನಮ್ಮ ಮಕ್ಕಳ ಸ್ಥಿತಿ ಇಲ್ಲಿ ಸ್ವಲ್ಪ ವಿಚಿತ್ರವಾದದ್ದು. ಅವರ ಪಠ್ಯಕ್ರಮ ಆಂಧ್ರದ್ದು, ಮಾಧ್ಯಮ ಕನ್ನಡ. ಕರ್ನಾಟಕದಲ್ಲಿ ಸಿದ್ಧವಾಗುವ ಕನ್ನಡ ದೃಶ್ಯಪಾಠಗಳು ಆ ರಾಜ್ಯದ ಪಠ್ಯಕ್ರಮಕ್ಕೆ ಹೊಂದಿದವು. ಆಂಧ್ರದಲ್ಲಿ ಸಿದ್ಧವಾಗುವ ಪಾಠಗಳ ಮುಖ್ಯ ಭಾಷೆ ತೆಲುಗು, ಇಂಗ್ಲಿಷ್. 2020ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ಇದು ಎಲ್ಲರಿಗೂ ಕಣ್ಣಿಗೆ ಕಟ್ಟಿತು. ಚಂದನ ವಾಹಿನಿಯಲ್ಲಿ ಕನ್ನಡದ ಸೇತುಬಂಧ ಪಾಠಗಳು, ಸಪ್ತಗಿರಿ ವಾಹಿನಿಯಲ್ಲಿ ಆಂಧ್ರದ ಪಾಠಗಳು. ಒಂದು ಕಡೆ ಭಾಷೆ ನಮ್ಮದು, ಪುಸ್ತಕ ಬೇರೆ. ಇನ್ನೊಂದು ಕಡೆ ಪುಸ್ತಕದ ವಿಷಯ ನಮ್ಮದು, ಭಾಷೆ ಬೇರೆ. ಗಡಿಯ ಮಗು ಎರಡು ವಾಹಿನಿಗಳ ನಡುವೆ ಕುಳಿತಿತ್ತು.

ಇದರ ಪರಿಣಾಮವನ್ನು ಒಂದು ಪಾಠದಿಂದ ತೋರಿಸುತ್ತೇನೆ. ಸಸ್ಯಗಳು ಬಿಸಿಲಿನಲ್ಲಿ ಆಹಾರ ತಯಾರಿಸುವುದನ್ನು ಕನ್ನಡ ಪುಸ್ತಕ ದ್ಯುತಿಸಂಶ್ಲೇಷಣೆ ಎನ್ನುತ್ತದೆ. ತೆಲುಗಿನ ವಿಡಿಯೊ ಕಿರಣಜನ್ಯ ಸಂಯೋಗಕ್ರಿಯ ಎನ್ನುತ್ತದೆ. ಇಂಗ್ಲಿಷಿನದು ಫೋಟೊಸಿಂಥೆಸಿಸ್ ಎನ್ನುತ್ತದೆ. ಒಂದು ಎಲೆಗೆ ಮೂರು ಹೆಸರು. ಮೂರನ್ನೂ ಬಾಯಿಪಾಠ ಮಾಡಿದ ಮಗುವಿಗೆ ಎಲೆಯ ವಿಷಯ ಒಂದೂ ತಿಳಿಯದೆ ಹೋಗಬಹುದು. ಆಗ ಅದು ಮೂರು ಭಾಷೆಯ ಗಿಳಿಪಾಠ. ಶಾಲೆಯ ಅಂಗಳದ ದಾಸವಾಳದ ಗಿಡವೊಂದನ್ನು ಕುಂಡದಲ್ಲಿ ಎರಡು ದಿನ ಕತ್ತಲೆಯಲ್ಲಿಟ್ಟು, ಒಂದು ಎಲೆಯ ಅರ್ಧಕ್ಕೆ ಕಪ್ಪು ಕಾಗದ ಸುತ್ತಿ, ಕೆಲವು ಗಂಟೆ ಬಿಸಿಲಿಗಿಟ್ಟು, ಆ ಎಲೆಯ ಹಸಿರನ್ನು ಸ್ಪಿರಿಟ್ಟಿನಲ್ಲಿ ತೆಗೆದು ಅಯೋಡಿನ್ ಹಾಕಿದರೆ, ಬಿಸಿಲು ಬಿದ್ದ ಭಾಗ ಮಾತ್ರ ನೀಲಿಗಪ್ಪಾಗುತ್ತದೆ. ಸ್ಪಿರಿಟ್ಟನ್ನು ಬೆಂಕಿಯ ಮೇಲೆ ನೇರವಾಗಿ ಇಡದೆ ಬಿಸಿನೀರಿನ ಪಾತ್ರೆಯಲ್ಲಿಟ್ಟು ಕಾಯಿಸಬೇಕು. ಅದು ಶಿಕ್ಷಕರ ಕೈಯಲ್ಲಿಯೇ ಆಗಬೇಕಾದ ಕೆಲಸ. ಇದನ್ನು ಕಣ್ಣಾರೆ ನೋಡಿ, ಯಾಕೆ ಹೀಗಾಯಿತು ಎಂದು ತನ್ನ ಮಾತಿನಲ್ಲಿ ಹೇಳಿದ ಮಗುವಿಗೆ ಆ ಮೂರು ಹೆಸರುಗಳೂ ಸುಲಭವಾಗಿ ಅಂಟಿಕೊಳ್ಳುತ್ತವೆ. ಪರದೆಯಲ್ಲಿ ಪ್ರಯೋಗ ತೋರಿಸಿಬಿಟ್ಟರೆ ಸಮಯ ಉಳಿಯುತ್ತದೆ ಎಂದು ತೋರಬಹುದು. ಆದರೆ ಅಲ್ಲಿ ನೀಲಿಗಪ್ಪು ಬಣ್ಣ ಯಾವಾಗಲೂ ಸರಿಯಾಗಿಯೇ ಬರುತ್ತದೆ. ಕೈಯಲ್ಲಿ ಮಾಡಿದಾಗ ಒಮ್ಮೊಮ್ಮೆ ಬರುವುದಿಲ್ಲ. ಯಾಕೆ ಬರಲಿಲ್ಲ ಎಂಬ ಪ್ರಶ್ನೆಯಿಂದಲೇ ವಿಜ್ಞಾನ ಆರಂಭವಾಗುತ್ತದೆ.

ಹಾಗಾದರೆ ಪರದೆ ಬೇಡವೆ? ಬೇಕು. ಅದನ್ನು ಹಲಗೆಯಂತೆ ಬಳಸಬೇಕು. ಹಲಗೆ ಬರೆಯುವುದಕ್ಕಿತ್ತು, ಸುಮ್ಮನೆ ನೋಡುವುದಕ್ಕಲ್ಲ. ತಪ್ಪನ್ನು ಒರೆಸಿ ಮತ್ತೆ ಬರೆಯುವ ಅವಕಾಶ ಅದರಲ್ಲಿತ್ತು. ಇಂದಿನ ಫೋನಿನಲ್ಲಿ, ಟ್ಯಾಬಿನಲ್ಲಿ ಆ ಗುಣ ಹಲಗೆಗಿಂತ ನೂರು ಪಟ್ಟು ಇದೆ. ಮಗು ಒಂದು ಪಾಠವನ್ನು ಗಟ್ಟಿಯಾಗಿ ಓದಿ ಮುದ್ರಿಸಿಕೊಳ್ಳಬಹುದು, ಕೇಳಿ ತಿದ್ದಿಕೊಳ್ಳಬಹುದು. ಅಜ್ಜಿ ಹೇಳಿದ ಒಗಟನ್ನು ದಾಖಲಿಸಿ ಅಕ್ಷರಕ್ಕಿಳಿಸಬಹುದು. ಮಾತನಾಡಿದರೆ ಕನ್ನಡ ಅಕ್ಷರವಾಗಿ ಮೂಡುವ ಸೌಕರ್ಯ ಈಗ ಸಾಧಾರಣ ಫೋನಿನಲ್ಲಿಯೂ ಇದೆ. ಅದು ಎಲ್ಲಿ ತಪ್ಪಿ ಬರೆಯಿತು ಎಂದು ಹುಡುಕಿಸುವುದೇ ಒಂದು ಒಳ್ಳೆಯ ಕಾಗುಣಿತದ ಪಾಠ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಟ್ಟಿರುವ ಯುನಿಕೋಡ್‌ನಲ್ಲಿ ತೆಲುಗಿಗೆ 128 ಸ್ಥಾನಗಳು, ಅದರ ಮಗ್ಗುಲಿಗೇ ಕನ್ನಡಕ್ಕೆ 128 ಸ್ಥಾನಗಳು. ಯಂತ್ರದೊಳಗೂ ಈ ಎರಡು ಲಿಪಿಗಳು ನಮ್ಮ ಊರಿನಂತೆ ನೆರೆಮನೆಯವೇ.

ಗಣಿತದಿಂದಲೂ ಒಂದು ಉದಾಹರಣೆ. ನಮ್ಮ ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ ಸುಮಾರು 550 ಮಿಲಿಮೀಟರ್. ಈ ಸಂಖ್ಯೆ ಸಮಾಜ ಪುಸ್ತಕದಲ್ಲಿ ಸತ್ತಂತೆ ಬಿದ್ದಿರುತ್ತದೆ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಒಂದು ಎಕರೆ ಎಂದರೆ ಸುಮಾರು 4047 ಚದರ ಮೀಟರ್. ಹಾಗಾದರೆ ಅಪ್ಪನ ಒಂದು ಎಕರೆ ಶೇಂಗಾ ಹೊಲದ ಮೇಲೆ ವರ್ಷಕ್ಕೆ ಬೀಳುವ ನೀರು ಸುಮಾರು 22 ಲಕ್ಷ ಲೀಟರ್. ಅಷ್ಟು ನೀರು ಬಿದ್ದೂ ಬೆಳೆ ಒಣಗುವುದೇಕೆ? ಯಾವ ವಾರದಲ್ಲಿ ಬಿತ್ತು, ಎಷ್ಟು ಹರಿದುಹೋಯಿತು, ಎಷ್ಟು ಇಂಗಿತು? ಶಾಲೆಯಲ್ಲಿ ಒಂದು ಮಳೆಮಾಪಕ ಇಟ್ಟು, ದಿನದಿನದ ಅಳತೆಯನ್ನು ಮಕ್ಕಳೇ ಟ್ಯಾಬಿನ ಕೋಷ್ಟಕದಲ್ಲಿ ತುಂಬಿ, ಗೆರೆಚಿತ್ರ ಬರೆಯಿಸಿದರೆ, ಆ ಪಾಠ ಮನೆಯ ಜಗುಲಿಯವರೆಗೆ ಹೋಗುತ್ತದೆ. ಮಳೆಯನ್ನು ಮುಂಗಾರು, ಹಿಂಗಾರು, ಹದ, ಹಸಿ ಎಂಬ ಮಾತುಗಳಲ್ಲಿ ಅರಿತಿರುವ ತಂದೆ, ಅದೇ ಮಾತಿನಲ್ಲಿ ಮಗನ ಪಾಠಕ್ಕೆ ಉತ್ತರ ಕೊಡಬಲ್ಲ. ಮನೆ ಮಾತಿನಲ್ಲಿ ಪಾಠ ನಡೆಯುವುದರ ದೊಡ್ಡ ಲಾಭ ಇದು: ಓದು ಬಾರದ ತಂದೆಯೂ ಗುರುವಾಗುತ್ತಾನೆ.

ಇನ್ನು ಕೃತಕ ಬುದ್ಧಿಮತ್ತೆಯ ಮಾತು. ಈಗ ಪ್ರಶ್ನೆ ಕೇಳಿದರೆ ಯಂತ್ರವೇ ಪ್ರಬಂಧ ಬರೆದುಕೊಡುತ್ತದೆ, ಕನ್ನಡದಲ್ಲಿಯೂ ಬರೆದುಕೊಡುತ್ತದೆ. ಮನೆಪಾಠವನ್ನು ಅದರಿಂದ ಬರೆಸಿ ತರುವ ಮಗು, ಇನ್ನೊಬ್ಬರ ಹಲಗೆಯನ್ನು ತೋರಿಸಿ ಅಂಕ ಪಡೆದಂತೆ. ಇದಕ್ಕೆ ಬೈಗುಳ ಮದ್ದಲ್ಲ, ಪ್ರಶ್ನೆಯನ್ನೇ ಬದಲಿಸಬೇಕು. ನೀರಿನ ಮಹತ್ವ ಎಂಬ ಪ್ರಬಂಧವನ್ನು ಯಂತ್ರ ಬರೆಯಬಲ್ಲದು. ಜೀಡಿಪಲ್ಲಿ ಜಲಾಶಯಕ್ಕೆ ನೀರು ಬಂದ ಮೇಲೆ ನಿಮ್ಮ ಓಣಿಯಲ್ಲಿ ಏನು ಬದಲಾಯಿತು, ಇಬ್ಬರು ಹಿರಿಯರನ್ನು ಕೇಳಿ ಬರೆ ಎಂದರೆ ಮಗುವೇ ಎದ್ದು ಹೋಗಬೇಕು. ಯಂತ್ರ ಬರೆದ ಉತ್ತರವನ್ನು ತರಗತಿಯಲ್ಲಿ ಎಲ್ಲರೆದುರು ಓದಿ ಅದರ ತಪ್ಪುಗಳನ್ನು ಹುಡುಕುವುದೂ ಹೊಸ ಕಾಲದ ಒಂದು ಪಾಠವೇ.

ತಂದೆತಾಯಿಗಳೆ, ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆ ನನಗೆ ತಿಳಿಯದೆ ಇಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದರೆ ನಾಳೆ ಕೆಲಸ ಸಿಗುತ್ತದೆಯೆ? ಹೈದರಾಬಾದಿನಲ್ಲಿ, ಬೆಂಗಳೂರಿನಲ್ಲಿ ಇಂಗ್ಲಿಷ್ ಬೇಡವೆ? ಮಗುವನ್ನು ಬೇರೆ ಶಾಲೆಯ ವ್ಯಾನಿಗೆ ಹತ್ತಿಸುವ ತಾಯಿಗೆ ಕನ್ನಡದ ಮೇಲೆ ದ್ವೇಷವಿಲ್ಲ. ಮಗುವಿನ ನಾಳೆಯ ಮೇಲೆ ಆಸೆಯಿದೆ. ಆ ಆಸೆಯನ್ನು ಗೌರವಿಸಿಯೇ ಉತ್ತರ ಹೇಳಬೇಕು. ಇಂಗ್ಲಿಷ್ ಬೇಕು, ಚೆನ್ನಾಗಿಯೇ ಬೇಕು. ತೆಲುಗೂ ಬೇಕು, ಅದು ಈ ರಾಜ್ಯದ ಭಾಷೆ, ನಮ್ಮ ಸಂತೆಯ ಭಾಷೆ. ಆದರೆ ಒಂದು ಭಾಷೆಯಲ್ಲಿ ಓದಿ ಅರ್ಥಮಾಡಿಕೊಳ್ಳುವುದನ್ನು ಕಲಿತ ಮಗುವಿಗೆ ಎರಡನೆಯದು, ಮೂರನೆಯದು ಬೇಗ ಒಲಿಯುತ್ತವೆ. ಯಾವುದರಲ್ಲಿಯೂ ಅರ್ಥ ಹಿಡಿಯದ ಮಗುವಿಗೆ ಮಾಧ್ಯಮ ಬದಲಿಸಿದರೆ ಅರ್ಥ ಬರುವುದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕನಿಷ್ಠ ಐದನೆಯ ತರಗತಿಯವರೆಗೆ, ಸಾಧ್ಯವಾದರೆ ಎಂಟನೆಯವರೆಗೆ ಮನೆಯ ಭಾಷೆಯಲ್ಲಿ ಕಲಿಸುವುದು ಒಳಿತು ಎಂದದ್ದು ಈ ಕಾರಣದಿಂದಲೇ. ಇಂಗ್ಲಿಷ್ ಉಚ್ಚಾರ ಕೇಳಿಸುವುದಕ್ಕೆ, ಸಂಭಾಷಣೆ ಅಭ್ಯಾಸ ಮಾಡಿಸುವುದಕ್ಕೆ ಈ ಪರದೆಗಳಿಗಿಂತ ಒಳ್ಳೆಯ ಸಾಧನ ನಮ್ಮ ಹಳ್ಳಿಗೆ ಹಿಂದೆಂದೂ ಬಂದಿರಲಿಲ್ಲ. ಇಂಗ್ಲಿಷಿಗಾಗಿ ಕನ್ನಡ ಶಾಲೆ ಬಿಡಬೇಕಾದ ಅಗತ್ಯ, ಈ ದೃಷ್ಟಿಯಿಂದ, ಮೊದಲಿಗಿಂತ ಈಗ ಕಡಿಮೆ.

ಕೊನೆಯದಾಗಿ ಮೂವರಲ್ಲಿ ಮೂರು ವಿನಂತಿಗಳು.

ಶಿಕ್ಷಕ ಬಂಧುಗಳಲ್ಲಿ: ಆಂಧ್ರ ಪಠ್ಯಕ್ರಮಕ್ಕೆ ಹೊಂದುವ ಕನ್ನಡ ಪಾಠ ಎಲ್ಲಿಂದಲೋ ಬರಲಿ ಎಂದು ಕಾಯುವುದು ಬೇಡ. ಹೆಗ್ಗಡದೇವನಕೋಟೆಯವರಂತೆ ನಾವೇ ಮಾಡೋಣ. ಒಬ್ಬ ಶಿಕ್ಷಕರು ತಿಂಗಳಿಗೆ ಒಂದು, ಮೂರೇ ನಿಮಿಷದ ಪಾಠ ಸಿದ್ಧಪಡಿಸಲಿ. ಧ್ವನಿ ಮಕ್ಕಳದೇ ಇರಲಿ. ವರ್ಷಕ್ಕೆ ಹತ್ತು ಪಾಠ. ಐವರು ಸೇರಿದರೆ ಐವತ್ತು. ನೆಟ್‌ವರ್ಕ್ ಇಲ್ಲದ ಕಡೆಯೂ ನಡೆಯುವಂತೆ ಅವನ್ನು ಮೆಮೊರಿ ಕಾರ್ಡಿನಲ್ಲಿ ಇಡೋಣ. ರಾಯದುರ್ಗ, ಮಡಕಶಿರಾ ಕಡೆಯ ಕನ್ನಡ ಶಾಲೆಗಳೊಂದಿಗೆ ಹಂಚಿಕೊಳ್ಳೋಣ. ಸುಗ್ಗಿ ಮುಗಿದ ಮೇಲೆ ತಂದೆತಾಯಿಯರೊಡನೆ ಕೂಲಿಗೆ ಊರು ಬಿಡುವ ಮಗುವಿನ ಹಿಂದೆ ಪಾಠವೂ ಹೋಗಲಿ. ಪ್ರತಿ ತರಗತಿಯಲ್ಲಿ ಕನ್ನಡ, ತೆಲುಗು, ಇಂಗ್ಲಿಷ್ ಎಂಬ ಮೂರು ಸಾಲಿನ ಒಂದು ಪದಕೋಶದ ನೋಟುಬುಕ್ಕು ಇರಲಿ. ಅದನ್ನು ಮಕ್ಕಳೇ ಬೆಳೆಸಲಿ.

ಹಳೆಯ ವಿದ್ಯಾರ್ಥಿಗಳಲ್ಲಿ: ಶಾಲೆಗೆ ಇನ್ನೊಂದು ಪರದೆ ಕೊಡುವ ಮುನ್ನ ಈಗಿರುವ ಪರದೆ ನಡೆಯುತ್ತಿದೆಯೆ ಎಂದು ಕೇಳಿ. ಅದರ ದುರಸ್ತಿ, ವಿದ್ಯುತ್ತಿನ ಬಿಲ್ಲು, ಗ್ರಂಥಾಲಯದ ಕನ್ನಡ ಪುಸ್ತಕಗಳು, ಇವುಗಳ ಹೊಣೆ ಹೊತ್ತುಕೊಳ್ಳಿ. ನಿಮ್ಮಲ್ಲಿ ನರ್ಸುಗಳಿದ್ದೀರಿ, ಲೈನ್‌ಮನ್‌ಗಳಿದ್ದೀರಿ, ಎಂಜಿನಿಯರುಗಳಿದ್ದೀರಿ, ಲೆಕ್ಕಿಗರಿದ್ದೀರಿ. ತಿಂಗಳಿಗೆ ಒಂದು ಗಂಟೆ ವಿಡಿಯೊ ಕರೆಯಲ್ಲಿ ಬಂದು, ನಿಮ್ಮ ಕೆಲಸ ಏನೆಂಬುದನ್ನು ಕನ್ನಡದಲ್ಲಿ ಮಕ್ಕಳಿಗೆ ಹೇಳಿ. ಕನ್ನಡ ಶಾಲೆಯಲ್ಲಿ ಓದಿದವರು ಎಲ್ಲಿಗೆ ಹೋಗಬಲ್ಲರು ಎಂಬುದಕ್ಕೆ ಮಕ್ಕಳಿಗೆ ನಿಮಗಿಂತ ದೊಡ್ಡ ಪ್ರಮಾಣ ಬೇಕಿಲ್ಲ.

ತಂದೆತಾಯಿಗಳಲ್ಲಿ: ಮನೆಯಲ್ಲಿ ಒಂದೇ ಫೋನು ಇರಬಹುದು. ಅದು ಗಂಡುಮಗನ ಕೈಗೆ ಎಷ್ಟು ಹೊತ್ತು ಹೋಗುತ್ತದೋ ಹೆಣ್ಣುಮಗಳ ಕೈಗೂ ಅಷ್ಟೇ ಹೊತ್ತು ಹೋಗಲಿ. ರಾತ್ರಿ ಊಟದ ಹೊತ್ತಿಗೆ ಅದನ್ನು ಬದಿಗಿಟ್ಟು, ಇವತ್ತು ಏನು ಕಲಿತೆ, ನನಗೆ ತಿಳಿಯುವ ಹಾಗೆ ಹೇಳು ಎಂದು ಕೇಳಿ. ಮಗು ಹೇಳಿದರೆ, ಆ ಪಾಠ ಅದಕ್ಕೆ ಬಂದಿದೆ. ಹೇಳಲಾರದಿದ್ದರೆ, ಅಂಕ ಎಷ್ಟೇ ಬಂದಿರಲಿ, ನಾಳೆ ಶಾಲೆಗೆ ಬಂದು ನಮ್ಮನ್ನು ಕೇಳಿ. ಅಂಥ ತಂದೆತಾಯಿಗಳಿರುವ ಊರಿನ ಶಾಲೆಯನ್ನು ಮುಚ್ಚುವುದು ಸುಲಭವಲ್ಲ.

ಮರಳು ಹೋಯಿತು, ಹಲಗೆ ಹೋಯಿತು, ಕಡತ ಎಂಬ ಮಾತು ಕಚೇರಿಗೆ ಸೇರಿತು. ಇಂದಿನ ಟ್ಯಾಬೂ ಒಂದು ದಿನ ಹೋಗುತ್ತದೆ. ಈ ಶಾಲೆಯ ಎರಡನೆಯ ಶತಮಾನದಲ್ಲಿ ಯಾವ ಉಪಕರಣಗಳು ಬರುತ್ತವೆಯೋ ಊಹಿಸಲಾರೆವು. ಯಾವುದೇ ಬರಲಿ, ಅದನ್ನು ಕೈಯಲ್ಲಿ ಹಿಡಿದ ಮಗು ಅದರ ಮೇಲೆ ತನ್ನ ಮಾತನ್ನು ಕನ್ನಡದಲ್ಲಿ ಬರೆಯುವಂತಿರಲಿ ಎಂದು ಹಾರೈಸುತ್ತೇನೆ.